ಡೇ ಕೇರ್‌ನಲ್ಲಿ ಪುಟ್ಟ ಮಕ್ಕಳಿಗೆ ಸಾಕಷ್ಟು ಜನರಿದ್ದಾರೆಯೇ? ಎಣಿಸಿ ನೋಡುವ ಬಗೆ

ಡೇ ಕೇರ್ ನೋಡಲು ಹೋದಾಗ ನಮ್ಮ ಕಣ್ಣು ಮೊದಲು ಹೋಗುವುದು ಗೋಡೆಯ ಚಿತ್ರಗಳ ಮೇಲೆ, ಆಟಿಕೆಗಳ ಮೇಲೆ, ನೆಲ ಎಷ್ಟು ಚೊಕ್ಕಟವಾಗಿದೆ ಎಂಬುದರ ಮೇಲೆ. ಮೂಲೆಯಲ್ಲೊಂದು ಕ್ಯಾಮೆರಾ ಕಂಡರೆ ಅರ್ಧ ನೆಮ್ಮದಿ. ಇವೆಲ್ಲ ಬೇಡವೆಂದಲ್ಲ. ಆದರೆ ಒಂದರಿಂದ ಮೂರು ವರ್ಷದೊಳಗಿನ ಮಗುವಿನ ದಿನ ಹೇಗೆ ಕಳೆಯುತ್ತದೆ ಎಂಬುದು ನಿಂತಿರುವುದು ಆ ಕೋಣೆಯಲ್ಲಿ ಆ ಹೊತ್ತಿಗೆ ಎಷ್ಟು ಮಂದಿ ದೊಡ್ಡವರಿದ್ದಾರೆ, ಅವರಲ್ಲಿ ಎಷ್ಟು ಜನರ ಕೈ ಬಿಡುವಾಗಿದೆ ಎಂಬುದರ ಮೇಲೆ. ಬಿದ್ದ ಮಗುವನ್ನು ಎತ್ತಿಕೊಳ್ಳಲು ಕ್ಯಾಮೆರಾಕ್ಕೆ ಕೈಯಿಲ್ಲ.

"ನಿಮ್ಮಲ್ಲಿ ಸಾಕಷ್ಟು ಸಿಬ್ಬಂದಿ ಇದ್ದಾರೆಯೇ?" ಎಂದು ಕೇಳಿದರೆ ಇಲ್ಲ ಎನ್ನುವ ಕೇಂದ್ರ ಜಗತ್ತಿನಲ್ಲಿ ಎಲ್ಲೂ ಸಿಗುವುದಿಲ್ಲ. ಹಾಗಾಗಿ ಆ ಪ್ರಶ್ನೆಯನ್ನು ಕೇಳುವುದೇ ವ್ಯರ್ಥ. ಉತ್ತರವನ್ನು ನಾವೇ ಎಣಿಸಿ, ಕೂಡಿಸಿ, ಕಳೆದು ತೆಗೆಯಬೇಕು. ಅದರಲ್ಲೂ ಕಳೆಯುವುದು ಮುಖ್ಯ. ಅವರು ಎಷ್ಟೇ ಜನರನ್ನು ತೋರಿಸಲಿ, ಅದರಿಂದ ಒಬ್ಬರನ್ನು ಕಳೆದು ಉಳಿದವರು ಮಕ್ಕಳನ್ನು ನೋಡಿಕೊಳ್ಳಬಲ್ಲರೇ ಎಂದು ಕೇಳಿಕೊಳ್ಳಿ. ಮುಂದಿನ ಹೆಜ್ಜೆಗಳೆಲ್ಲ ಬಹುಮಟ್ಟಿಗೆ ಈ ಒಂದು ಲೆಕ್ಕದ ಸುತ್ತಲೇ ಇವೆ.

ಈ ವಯಸ್ಸೇ ಏಕೆ ಬೇರೆ

ಆರು ತಿಂಗಳ ಕೂಸನ್ನು ಮಲಗಿಸಿದರೆ ಬಹುತೇಕ ಅಲ್ಲೇ ಇರುತ್ತದೆ. ನಾಲ್ಕು ವರ್ಷದ ಮಗು "ಅವನು ನನ್ನನ್ನು ತಳ್ಳಿದ" ಎಂದು ಹೇಳುತ್ತದೆ, ನೀರು ಬೇಕೆಂದು ಕೇಳುತ್ತದೆ, ಬಚ್ಚಲಿಗೆ ತಾನೇ ಹೋಗಿ ಬರುತ್ತದೆ. ಇವೆರಡರ ನಡುವಿನ ಮಗುವಿನದ್ದೇ ತೊಡಕು: ಕಾಲು ಬಂದಿದೆ, ಅಪಾಯದ ಅರಿವು ಬಂದಿಲ್ಲ; ಬೇಕುಬೇಡಗಳು ಬಂದಿವೆ, ಮಾತು ಬಂದಿಲ್ಲ. ಕೈಗೆ ಸಿಕ್ಕಿದ್ದು ಬಾಯಿಗೆ ಹೋಗುತ್ತದೆ. ಆಟಿಕೆಗಾಗಿ ಜಗಳವಾದರೆ ಕೈಗಿಂತ ಮೊದಲು ಹಲ್ಲು ಕೆಲಸ ಮಾಡುತ್ತದೆ. ಇನ್ನೂ ಡೈಪರ್ ಬೇಕು, ತುತ್ತು ತಿನ್ನಿಸಬೇಕು, ಮಲಗಿಸಲು ತಟ್ಟಬೇಕು. ದೂರದಿಂದ ನಿಗಾ ಇಟ್ಟರೆ ಸಾಲದು, ಪಕ್ಕದಲ್ಲೇ ಒಬ್ಬರು ಇರಬೇಕಾದ ವಯಸ್ಸು ಇದು.

ಆದ್ದರಿಂದ ಮೂರು ವರ್ಷ ಮೇಲ್ಪಟ್ಟ ಮಕ್ಕಳ ತರಗತಿ ಚೆನ್ನಾಗಿ ನಡೆಯುತ್ತಿದೆ ಎಂದು ನೋಡಿ, ಅದೇ ಕೇಂದ್ರದ ಪುಟ್ಟ ಮಕ್ಕಳ ಕೋಣೆಯೂ ಹಾಗೆಯೇ ಇರುತ್ತದೆಂದು ಭಾವಿಸಬೇಡಿ. ನಿಮ್ಮ ಮಗು ಯಾವ ಕೋಣೆಯಲ್ಲಿ ಇರುತ್ತದೋ ಆ ಕೋಣೆಯನ್ನೇ ನೋಡಬೇಕು.

ಮೊದಲ ಹೆಜ್ಜೆ: ಅಳತೆಗೋಲು ತಿಳಿದುಕೊಳ್ಳಿ

ಒಬ್ಬರಿಗೆ ಎಷ್ಟು ಮಕ್ಕಳು ಎಂಬ ಅನುಪಾತ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ನೀವಿರುವ ಊರಿನ ನಿಯಮವನ್ನು ಮೊದಲು ತಿಳಿದುಕೊಳ್ಳಿ. ಪರವಾನಗಿ ಕೊಡುವ ಇಲಾಖೆಯಲ್ಲಿ ಅದು ಸಿಗುತ್ತದೆ. ಜೊತೆಗೆ ಬೇರೆ ಕಡೆಯ ಅಂಕಿಗಳೂ ಗೊತ್ತಿದ್ದರೆ ಹೋಲಿಸಿ ನೋಡಬಹುದು. ನಾರ್ವೆಯಲ್ಲಿ ಮೂರು ವರ್ಷದೊಳಗಿನ ಮೂರು ಮಕ್ಕಳಿಗೆ ಕನಿಷ್ಠ ಒಬ್ಬರು ಇರಬೇಕು. ಫಿನ್ಲೆಂಡ್‌ನಲ್ಲಿ ಅದೇ ವಯಸ್ಸಿನ ನಾಲ್ಕು ಮಕ್ಕಳಿಗೆ ಒಬ್ಬರು. ಇಂಗ್ಲೆಂಡ್‌ನಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು; ಎರಡು ವರ್ಷದ ಮಕ್ಕಳಿಗೆ ಮೊದಲು ನಾಲ್ವರಿಗೆ ಒಬ್ಬರಿದ್ದುದನ್ನು 2023ರ ಸೆಪ್ಟೆಂಬರ್‌ನಿಂದ ಐವರಿಗೆ ಒಬ್ಬರು ಎಂದು ಸಡಿಲಿಸಲಾಯಿತು. ಆಸ್ಟ್ರೇಲಿಯಾದಲ್ಲಿ ಎರಡು ವರ್ಷದೊಳಗಿನವರಿಗೆ ನಾಲ್ಕಕ್ಕೆ ಒಂದು, ಎರಡರಿಂದ ಮೂರರವರೆಗೆ ಸಾಮಾನ್ಯವಾಗಿ ಐದಕ್ಕೆ ಒಂದು. ಅಮೆರಿಕದ ಮಕ್ಕಳ ವೈದ್ಯರ ಸಂಘ ಮತ್ತು ಸಾರ್ವಜನಿಕ ಆರೋಗ್ಯ ಸಂಘಗಳು ಸೇರಿ ರೂಪಿಸಿದ ಮಾನದಂಡ 13ರಿಂದ 35 ತಿಂಗಳ ಮಕ್ಕಳಿಗೆ ನಾಲ್ಕಕ್ಕೆ ಒಬ್ಬರನ್ನು ಶಿಫಾರಸು ಮಾಡುತ್ತದೆ.

ಈ ಅಂಕಿಗಳು ಮೂರರಿಂದ ಐದರ ಆಸುಪಾಸಿನಲ್ಲೇ ಸುಳಿಯುತ್ತವೆ ಎಂಬುದನ್ನು ಗಮನಿಸಿ. ಬೇರೆ ಬೇರೆ ದೇಶಗಳು ಒಂದೇ ತಾಣಕ್ಕೆ ಬಂದು ನಿಂತಿವೆ ಎಂದರೆ ಅದಕ್ಕೆ ಕಾರಣವಿರಬೇಕು. ಆದರೆ ಕಾನೂನು ಎಲ್ಲೆಡೆ ಇಷ್ಟು ಬಿಗಿಯಾಗಿಲ್ಲ. ಅದೇ ಅಮೆರಿಕದ ಟೆಕ್ಸಸ್ ರಾಜ್ಯದ ನಿಯಮದಲ್ಲಿ ಎರಡು ವರ್ಷದ ಹನ್ನೊಂದು ಮಕ್ಕಳಿಗೆ ಒಬ್ಬರಿದ್ದರೂ ಸಾಕು. ಹಾಗಾಗಿ "ನಾವು ನಿಯಮದಂತೆ ನಡೆಸುತ್ತೇವೆ" ಎಂಬ ಮಾತು ಪೂರ್ತಿ ಉತ್ತರವಲ್ಲ. ನಿಯಮ ಎಂದರೆ ಅದಕ್ಕಿಂತ ಕೆಳಗಿಳಿಯಬಾರದು ಎಂಬ ಗೆರೆ. ಆ ಗೆರೆಯ ಮೇಲೆಯೇ ನಿಂತವರು ಒಬ್ಬ ಸಹಾಯಕಿ ರಜೆ ಹಾಕಿದ ದಿನ ಕೆಳಗೆ ಬೀಳುತ್ತಾರೆ.

ಅನುಪಾತದ ಜೊತೆಗೇ ಕೇಳಬೇಕಾದ ಇನ್ನೊಂದು ಸಂಖ್ಯೆ ಗುಂಪಿನ ಗಾತ್ರ. ಎಂಟು ಮಕ್ಕಳಿಗೆ ಇಬ್ಬರು, ಇಪ್ಪತ್ನಾಲ್ಕು ಮಕ್ಕಳಿಗೆ ಆರು ಮಂದಿ: ಕಾಗದದ ಮೇಲೆ ಎರಡೂ ಒಂದೇ. ಎರಡನೆಯ ಕೋಣೆಯೊಳಗೆ ಐದು ನಿಮಿಷ ನಿಂತು ಬನ್ನಿ, ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಒಂದು ಮಗು ಅತ್ತರೆ ನಾಲ್ಕು ಅಳುತ್ತವೆ, ದೊಡ್ಡವರು ದನಿ ಏರಿಸುತ್ತಾರೆ, ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದು ಯಾರಿಗೂ ಸ್ಪಷ್ಟವಿರುವುದಿಲ್ಲ. ಮೇಲೆ ಹೇಳಿದ ಅಮೆರಿಕದ ಮಾನದಂಡ ಈ ವಯಸ್ಸಿಗೆ ಒಂದು ಗುಂಪಿನಲ್ಲಿ ಎಂಟೇ ಮಕ್ಕಳು ಎನ್ನುತ್ತದೆ. ಸ್ವೀಡನ್ ಅನುಪಾತವನ್ನು ಕಾನೂನಿನಲ್ಲಿ ನಿಗದಿ ಮಾಡದಿದ್ದರೂ ಒಂದರಿಂದ ಮೂರು ವರ್ಷದವರ ಗುಂಪು ಆರರಿಂದ ಹನ್ನೆರಡರೊಳಗೆ ಇರಲಿ ಎಂದು ಅಲ್ಲಿನ ಶಿಕ್ಷಣ ಇಲಾಖೆ ಸೂಚಿಸುತ್ತದೆ.

ಎರಡನೆಯ ಹೆಜ್ಜೆ: ಲೆಕ್ಕಕ್ಕುಂಟು, ಆಟಕ್ಕಿಲ್ಲ

"ನಮ್ಮಲ್ಲಿ ಹತ್ತು ಮಂದಿ ಸಿಬ್ಬಂದಿ" ಎಂದು ಹೇಳಿದಾಗ ಆ ಹತ್ತರಲ್ಲಿ ಯಾರು ಯಾರು ಸೇರಿದ್ದಾರೆ ಎಂದು ಕೇಳಿ. ಮುಖ್ಯಸ್ಥರು, ಅಡುಗೆಯವರು, ಗುಡಿಸಿ ಒರೆಸುವವರು, ವಾಹನ ಚಾಲಕ, ವಾರಕ್ಕೆರಡು ದಿನ ಬರುವ ಸಂಗೀತದವರು, ತರಬೇತಿಗೆಂದು ಬಂದ ವಿದ್ಯಾರ್ಥಿನಿ ಎಲ್ಲರೂ ಆ ಪಟ್ಟಿಯಲ್ಲಿರಬಹುದು. ಇವರೆಲ್ಲ ಬೇಕಾದವರೇ. ಆದರೆ ಒಲೆಯ ಮುಂದೆ ನಿಂತವರು ಅದೇ ಹೊತ್ತಿಗೆ ಮಗುವಿನ ಮೇಲೆ ಕಣ್ಣಿಡಲಾರರು. ಫೋನಿನಲ್ಲಿ ಶುಲ್ಕದ ವಿಚಾರ ಮಾತಾಡುತ್ತಿರುವ ಮುಖ್ಯಸ್ಥರೂ ಅಷ್ಟೇ. ಮಕ್ಕಳೊಂದಿಗೆ ಇರುವುದೊಂದೇ ಕೆಲಸವಾಗಿರುವವರನ್ನು ಮಾತ್ರ ಎಣಿಸಿ. ತರಬೇತಿಯವರನ್ನು ಎಣಿಸಬೇಡಿ, ಅವರನ್ನು ನೋಡಿಕೊಳ್ಳಲೂ ಒಬ್ಬರು ಬೇಕು.

ಇನ್ನೊಂದು ಸಣ್ಣ ಕಣ್ಕಟ್ಟು, ಬೇಕೆಂದೇ ಮಾಡಿದ್ದಲ್ಲದಿದ್ದರೂ: ಇಡೀ ಕಟ್ಟಡಕ್ಕೆ ಒಟ್ಟು ಲೆಕ್ಕ ಹಾಕುವುದು. ಆಸ್ಟ್ರೇಲಿಯಾದ ರಾಷ್ಟ್ರೀಯ ನಿಯಮಗಳಲ್ಲಿ ಅನುಪಾತವನ್ನು ಕೋಣೆಗೊಂದರಂತೆ ನೋಡದೆ ಇಡೀ ಕೇಂದ್ರಕ್ಕೆ ಲೆಕ್ಕ ಹಾಕುತ್ತ ಬರಲಾಗಿದೆ. ಹೀಗಾದಾಗ ದೊಡ್ಡ ಮಕ್ಕಳ ಕೋಣೆಯಲ್ಲಿ ಹೆಚ್ಚುವರಿಯಾಗಿ ಕುಳಿತವರು ಕಾಗದದಲ್ಲಿ ಪುಟ್ಟ ಮಕ್ಕಳ ಕೋಣೆಯ ಕೊರತೆಯನ್ನು ತುಂಬುತ್ತಾರೆ. ನೀವು ಕೇಳಬೇಕಾದದ್ದು ಇಷ್ಟೇ: "ಈ ಕೋಣೆಯಲ್ಲಿ, ಈ ಹೊತ್ತಿನಲ್ಲಿ, ಎಷ್ಟು ಮಕ್ಕಳು, ಎಷ್ಟು ದೊಡ್ಡವರು?" ಅವರು ಉತ್ತರಿಸುವ ಮೊದಲೇ ನೀವೇ ತಲೆ ಎಣಿಸಿರಿ. ಎರಡು ಸಂಖ್ಯೆಗಳು ಹೊಂದದಿದ್ದರೆ ಆ ವ್ಯತ್ಯಾಸವೇ ಮುಂದಿನ ಪ್ರಶ್ನೆ.

ವಯಸ್ಸು ಬೆರೆತ ಕೋಣೆಯಾದರೆ ಅತ್ಯಂತ ಚಿಕ್ಕ ಮಗುವಿಗೆ ಬೇಕಾದ ಅನುಪಾತವನ್ನೇ ಹಿಡಿಯಿರಿ. ಸಿಬ್ಬಂದಿಯೊಬ್ಬರು ತಮ್ಮ ಕೂಸನ್ನೂ ಅಲ್ಲಿಗೇ ಕರೆತರುತ್ತಿದ್ದರೆ ಆ ಕೂಸೂ ಮಕ್ಕಳ ಲೆಕ್ಕಕ್ಕೆ ಸೇರಬೇಕು. ಇದನ್ನು ಬಹಳ ಕಡೆ ಮರೆಯುತ್ತಾರೆ.

ಮೂರನೆಯ ಹೆಜ್ಜೆ: ಪಾಳಿ ಪಟ್ಟಿಯ ಗಣಿತ

ಇದಕ್ಕೆ ಒಂದು ಕಾಗದ, ಒಂದು ಪೆನ್ನು ಸಾಕು. ಕೇಂದ್ರ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ, ಅಂದರೆ ಹತ್ತು ಗಂಟೆ ತೆರೆದಿರುತ್ತದೆ ಎಂದಿಟ್ಟುಕೊಳ್ಳಿ. ಕೋಣೆಯಲ್ಲಿ ಹನ್ನೆರಡು ಮಕ್ಕಳು, ನಾಲ್ಕಕ್ಕೆ ಒಬ್ಬರಂತೆ ಸದಾ ಮೂವರು ಬೇಕು. ಹತ್ತು ಗಂಟೆಗೆ ಮೂವರೆಂದರೆ ಮೂವತ್ತು ಗಂಟೆಗಳ ಕೆಲಸ. ಒಬ್ಬರ ಪಾಳಿ ಎಂಟು ಗಂಟೆ. ಊಟ, ಚಹಾ, ಸ್ವಂತ ಅಗತ್ಯಗಳಿಗೆ ಒಂದು ಗಂಟೆ ತೆಗೆದರೆ ಕೋಣೆಗೆ ಸಿಗುವುದು ಏಳು. ಮೂವತ್ತನ್ನು ಏಳರಿಂದ ಭಾಗಿಸಿದರೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. ಬೆಳಿಗ್ಗೆ ಸಂಜೆ ಮಕ್ಕಳು ಕಡಿಮೆ ಇದ್ದರೆ ನಾಲ್ವರಲ್ಲಿ ಹೇಗೋ ಸರಿದೂಗಬಹುದು. ಎಲ್ಲರೂ ಇಡೀ ದಿನ ಇರುವವರಾದರೆ ಐವರು ಬೇಕು. ಇದರಲ್ಲಿ ರಜೆ, ಜ್ವರ, ನೆಂಟರ ಮದುವೆ ಯಾವುದೂ ಸೇರಿಲ್ಲ.

ಈಗ ಕೇಂದ್ರದವರು "ಹನ್ನೆರಡು ಮಕ್ಕಳಿಗೆ ಮೂವರಿದ್ದಾರೆ" ಎಂದು ಹೆಮ್ಮೆಯಿಂದ ಹೇಳಿದರೆ ಎರಡರಲ್ಲಿ ಒಂದು ನಿಜ. ಒಂದೋ ಆ ಮೂವರು ಊಟಕ್ಕೂ ಏಳದೆ ಹತ್ತು ಗಂಟೆ ದುಡಿಯುತ್ತಿದ್ದಾರೆ, ಅಥವಾ ದಿನದ ಒಂದು ಭಾಗದಲ್ಲಿ ಅಲ್ಲಿ ಇಬ್ಬರೇ ಇರುತ್ತಾರೆ. ಯಾವುದು ಎಂದು ಕೇಳಿ ನೋಡಿ. ಪಾಳಿ ಪಟ್ಟಿಯನ್ನು ತೋರಿಸಲು ಹಿಂಜರಿಯದ ಕೇಂದ್ರ ಒಳ್ಳೆಯ ಲಕ್ಷಣ. "ಅದೆಲ್ಲ ನಾವು ನೋಡಿಕೊಳ್ಳುತ್ತೇವೆ, ನೀವು ಚಿಂತಿಸಬೇಡಿ" ಎಂದವರ ಬಗ್ಗೆಯೇ ನಾನು ಚಿಂತಿಸುತ್ತೇನೆ.

ನಾಲ್ಕನೆಯ ಹೆಜ್ಜೆ: ಒಬ್ಬರನ್ನು ಕಳೆಯಿರಿ

ಈ ಲೇಖನದಲ್ಲಿ ಒಂದನ್ನೇ ನೆನಪಿಡಬೇಕೆಂದರೆ ಇದನ್ನು.

ಅದೇ ಹನ್ನೆರಡು ಮಕ್ಕಳ ಕೋಣೆ. ಎಲ್ಲರಿಗೂ ಡೈಪರ್. ಮಗು ಅಲ್ಲಿರುವ ಸುಮಾರು ಒಂಬತ್ತು ಗಂಟೆಗಳ ಅವಧಿಯಲ್ಲಿ ಒಂದು ಮಗುವಿಗೆ ನಾಲ್ಕು ಬಾರಿ ಬದಲಿಸುತ್ತಾರೆ ಎನ್ನೋಣ. ಮಗುವನ್ನು ಎತ್ತಿ ಒಯ್ದು, ಬದಲಿಸಿ, ಹಾಸು ಒರೆಸಿ, ತಮ್ಮ ಕೈಯನ್ನೂ ಮಗುವಿನ ಕೈಯನ್ನೂ ತೊಳೆದು ಮರಳಿ ತರಲು ಐದು ನಿಮಿಷವಾದರೂ ಬೇಕು. ಹನ್ನೆರಡನ್ನು ನಾಲ್ಕರಿಂದ, ಅದನ್ನು ಐದರಿಂದ ಗುಣಿಸಿದರೆ 240 ನಿಮಿಷ, ನಾಲ್ಕು ಗಂಟೆ. ಅಂದರೆ ದಿನದ ಹತ್ತಿರಹತ್ತಿರ ಅರ್ಧ ಭಾಗ ಮೂವರಲ್ಲಿ ಒಬ್ಬರು ಡೈಪರ್ ಮೇಜಿನ ಬಳಿಯೇ ಇರುತ್ತಾರೆ. ಆ ಹೊತ್ತಿನಲ್ಲಿ ಹನ್ನೊಂದು ಮಕ್ಕಳಿಗೆ ಇಬ್ಬರು. ನಾಲ್ಕಕ್ಕೆ ಒಂದು ಎಂದು ಬರೆದಿಟ್ಟ ಅನುಪಾತ ಐದೂವರೆಗೆ ಒಂದಾಯಿತು, ಯಾವ ನಿಯಮವನ್ನೂ ಮುರಿಯದೆ.

ಎಂಟು ಮಕ್ಕಳಿಗೆ ಇಬ್ಬರಿರುವ ಕೋಣೆಯಲ್ಲಿ ಇದೇ ಲೆಕ್ಕ ಇನ್ನೂ ಕಠಿಣ: ಒಬ್ಬರು ಡೈಪರ್ ಬದಲಿಸಲು ಹೋದರೆ ಏಳು ಮಕ್ಕಳಿಗೆ ಒಬ್ಬರೇ. ಐದಕ್ಕೆ ಒಬ್ಬರೇ ಇರುವ ಕೋಣೆಯಲ್ಲಂತೂ ಉಳಿಯುವುದು ಸೊನ್ನೆ. ಚಿಕ್ಕ ಗುಂಪು ಒಳ್ಳೆಯದು ಎಂದು ಮೇಲೆ ಹೇಳಿದೆ. ಚಿಕ್ಕ ಗುಂಪಿನಲ್ಲಿ ಒಬ್ಬರು ಎದ್ದುಹೋದರೆ ಆಗುವ ಕೊರತೆಯೂ ದೊಡ್ಡದು ಎಂಬುದನ್ನು ಇಲ್ಲಿ ಸೇರಿಸಬೇಕು. ಈ ತೊಡಕಿಗೆ ಒಳ್ಳೆಯ ಕೇಂದ್ರಗಳು ಎರಡು ದಾರಿ ಕಂಡುಕೊಂಡಿರುತ್ತವೆ. ಒಂದು, ಯಾವ ಕೋಣೆಗೂ ಸೇರದ, ಕರೆದಲ್ಲಿಗೆ ಬರುವ ಒಬ್ಬರನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳುವುದು. ಎರಡು, ಡೈಪರ್ ಮೇಜನ್ನು ಕೋಣೆಯ ಒಳಗೇ, ಬದಲಿಸುವವರ ಮುಖ ಮಕ್ಕಳ ಕಡೆಗಿರುವಂತೆ ಇಡುವುದು. ಎರಡನೆಯದಕ್ಕೆ ಹೆಚ್ಚು ಖರ್ಚಿಲ್ಲ. ಹಾಗಿದ್ದರೂ ಗೋಡೆಗೆ ಮುಖ ಮಾಡಿದ ಮೇಜುಗಳು, ಕಾರಿಡಾರಿನ ಆಚೆ ತುದಿಯ ಬಚ್ಚಲುಗಳು ಏಕೆ ಇಷ್ಟೊಂದು ಇವೆಯೋ! ಭೇಟಿಗೆ ಹೋದಾಗ ಡೈಪರ್ ಬದಲಿಸುವ ಜಾಗವನ್ನು ತೋರಿಸಲು ಕೇಳಿ. ಅಲ್ಲಿ ನಿಂತು ಹಿಂದಿರುಗಿ ನೋಡಿ. ಮಕ್ಕಳು ಕಾಣುತ್ತಾರೆಯೇ? ಕಾಣದಿದ್ದರೆ ಆ ಒಬ್ಬರನ್ನು ದಿನದ ಆ ನಾಲ್ಕು ಗಂಟೆ ಪೂರ್ತಿ ಕಳೆದುಬಿಡಿ. ಕಾಣುತ್ತಿದ್ದರೆ ಅರ್ಧ ಉಳಿಸಿಕೊಳ್ಳಬಹುದು.

ಡೈಪರ್ ಒಂದು ಉದಾಹರಣೆ ಮಾತ್ರ. ವಾಂತಿ ಮಾಡಿದ ಮಗು, ಬಾಗಿಲಲ್ಲಿ ಅಮ್ಮನನ್ನು ಬಿಡದ ಮಗು, ಸಾಮಾನು ತಂದವನಿಗೆ ಗೇಟು ತೆಗೆಯುವುದು, ಚೆಲ್ಲಿದ್ದನ್ನು ಒರೆಸುವುದು, ಪೋಷಕರಿಗೆ ಫೋಟೊ ಕಳಿಸುವುದು ಎಲ್ಲವೂ ಒಬ್ಬರನ್ನು ಒಯ್ಯುತ್ತವೆ. ಈ ಕೊನೆಯದರ ಬಗ್ಗೆ ಒಂದು ಮಾತು: ದಿನಕ್ಕೆ ಇಪ್ಪತ್ತು ಫೋಟೊ ಕಳಿಸುವ ಕೇಂದ್ರವನ್ನು ನಾವು ಮೆಚ್ಚುತ್ತೇವೆ, ಆದರೆ ಅಷ್ಟು ಹೊತ್ತು ಒಬ್ಬರ ಕಣ್ಣು ಮೊಬೈಲಿನ ಪರದೆಯ ಮೇಲಿತ್ತು ಎಂಬುದನ್ನು ಯೋಚಿಸುವುದಿಲ್ಲ.

ಐದನೆಯ ಹೆಜ್ಜೆ: ಕಷ್ಟದ ಹೊತ್ತಿಗೇ ಹೋಗಿ

ಕೇಂದ್ರದವರು ಸಾಮಾನ್ಯವಾಗಿ ಬೆಳಿಗ್ಗೆ ಹತ್ತೂವರೆ ಹನ್ನೊಂದಕ್ಕೆ ಬನ್ನಿ ಎನ್ನುತ್ತಾರೆ. ಎಲ್ಲ ಸಿಬ್ಬಂದಿ ಬಂದಿರುತ್ತಾರೆ, ಮಕ್ಕಳ ಹೊಟ್ಟೆ ತುಂಬಿರುತ್ತದೆ, ನಿದ್ದೆಯ ಹೊತ್ತು ಇನ್ನೂ ದೂರ. ಆ ಹೊತ್ತಿನಲ್ಲಿ ಯಾವ ಕೇಂದ್ರವಾದರೂ ಚೆನ್ನಾಗಿಯೇ ಕಾಣುತ್ತದೆ. ಮೊದಲ ಭೇಟಿಗೆ ಅದು ಸರಿ. ಎರಡನೆಯ ಭೇಟಿಗೆ ಬೇರೆ ಹೊತ್ತನ್ನು ಕೇಳಿಕೊಳ್ಳಿ.

ಊಟಕ್ಕೆ ಮುಂಚಿನ ಇಪ್ಪತ್ತು ನಿಮಿಷ ಒಳ್ಳೆಯ ಪರೀಕ್ಷೆ. ಎಲ್ಲರಿಗೂ ಒಟ್ಟಿಗೆ ಹಸಿವು, ಎಲ್ಲರ ಕೈ ತೊಳೆಸಬೇಕು, ಕೆಲವರಿಗೆ ಡೈಪರ್, ಇಬ್ಬರಿಗಾದರೂ ಅಳು. ಆಗ ದೊಡ್ಡವರು ಮಕ್ಕಳ ಹೆಸರು ಹಿಡಿದು ಮೆಲ್ಲಗೆ ಮಾತಾಡುತ್ತಿದ್ದರೆ ಅಲ್ಲಿ ಜನ ಸಾಕಷ್ಟಿದ್ದಾರೆ. ಕೋಣೆಯ ಈ ತುದಿಯಿಂದ ಆ ತುದಿಗೆ ಕೂಗುತ್ತಿದ್ದರೆ ಇಲ್ಲ. ಊಟದ ಹೊತ್ತಿನಲ್ಲಿ ದೊಡ್ಡವರು ಮಕ್ಕಳಿಗೆ ಎದುರಾಗಿ ಕುಳಿತಿದ್ದಾರೆಯೇ ಎಂದು ನೋಡಿ. ಗಂಟಲಲ್ಲಿ ತುತ್ತು ಸಿಕ್ಕಿಕೊಂಡ ಮಗು ಕೆಮ್ಮದೆ, ಕೂಗದೆ ಸುಮ್ಮನಾಗಿಬಿಡಬಹುದು; ಸದ್ದು ಕೇಳಿ ಓಡಿಬರೋಣ ಎಂದರೆ ಆಗದು, ಮುಖ ನೋಡುತ್ತಿರಬೇಕು. ಇಂಗ್ಲೆಂಡ್‌ನ ನಿಯಮಗಳು ತಿನ್ನುತ್ತಿರುವ ಮಗು ಸಿಬ್ಬಂದಿಯ ಕಣ್ಣಿಗೂ ಕಿವಿಗೂ ನಿಲುಕುವಂತಿರಬೇಕು, ಆ ಕೋಣೆಯಲ್ಲಿ ಮಕ್ಕಳ ಪ್ರಥಮ ಚಿಕಿತ್ಸೆ ಕಲಿತವರೊಬ್ಬರು ಇರಬೇಕು ಎನ್ನುತ್ತವೆ. ನಿಮ್ಮಲ್ಲಿ ಅಂಥ ನಿಯಮ ಇರಲಿ ಬಿಡಲಿ, ಪ್ರಶ್ನೆಯನ್ನು ಕೇಳಲು ಅಡ್ಡಿಯಿಲ್ಲ.

ಇನ್ನೆರಡು ಹೊತ್ತುಗಳೆಂದರೆ ಬಾಗಿಲು ತೆರೆದ ಮೊದಲ ಅರ್ಧ ಗಂಟೆ ಮತ್ತು ಮುಚ್ಚುವ ಮುಂಚಿನ ಒಂದು ಗಂಟೆ. ಆಗ ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಂದೇ ಕೋಣೆಗೆ ಸೇರಿಸುತ್ತಾರೆ, ಸಿಬ್ಬಂದಿ ಒಬ್ಬೊಬ್ಬರಾಗಿ ಬರುತ್ತಲೋ ಹೊರಡುತ್ತಲೋ ಇರುತ್ತಾರೆ. ಐದು ವರ್ಷದವರು ಓಡಾಡುವ ಕೋಣೆಯಲ್ಲಿ ಹದಿನೈದು ತಿಂಗಳ ಮಗು ನೆಲದ ಮೇಲಿದ್ದರೆ, ಮತ್ತು ಅಲ್ಲಿರುವ ಒಬ್ಬರೇ ಬಾಗಿಲಲ್ಲಿ ಪೋಷಕರೊಂದಿಗೆ ಮಾತಾಡುತ್ತಿದ್ದರೆ, ನಿಮ್ಮ ಲೆಕ್ಕ ಮುಗಿಯಿತು.

ಮಧ್ಯಾಹ್ನ ಮಕ್ಕಳು ಮಲಗಿದಾಗ ಸಿಬ್ಬಂದಿ ಊಟ ಮಾಡುತ್ತಾರೆ, ದಿನದ ದಾಖಲೆ ಪುಸ್ತಕ ತುಂಬುತ್ತಾರೆ. ಅದು ಸಹಜ. ಮಲಗಿದ ಮಕ್ಕಳ ಕೋಣೆಯಲ್ಲಿ ಒಬ್ಬರು ಇರುತ್ತಾರೆಯೇ, ಬೇಗ ಎದ್ದ ಮಗು ಎಲ್ಲಿಗೆ ಹೋಗುತ್ತದೆ ಎಂದಷ್ಟೇ ಕೇಳಿ.

ಆರನೆಯ ಹೆಜ್ಜೆ: ಜನರ ಬದಲಿಗೆ ಬಂದ ವಸ್ತುಗಳನ್ನು ಗುರುತಿಸಿ

ಜನ ಕಡಿಮೆಯಾದ ಕಡೆ ಅವರ ಜಾಗವನ್ನು ಏನೋ ಒಂದು ತುಂಬುತ್ತದೆ. ಹೆಚ್ಚಾಗಿ ಟಿವಿ. ಇಲ್ಲವೇ ಬೆಲ್ಟು ಬಿಗಿದ ಊಟದ ಕುರ್ಚಿ. ಊಟ ಮುಗಿದು ಮುಕ್ಕಾಲು ಗಂಟೆಯಾದರೂ ಮಕ್ಕಳು ಅದರಲ್ಲೇ ಸಾಲಾಗಿ ಕುಳಿತಿರುತ್ತಾರೆ. ಕೆಲವೊಮ್ಮೆ ಬೇಲಿ ಕಟ್ಟಿದ ಆಟದ ಅಂಕಣ, ಕೆಲವೊಮ್ಮೆ ಉದ್ದುದ್ದ ನಿದ್ದೆಯ ವೇಳಾಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿ ಒಂದು ವರ್ಷದ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎನ್ನುತ್ತದೆ. ಮಗುವನ್ನು ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಟ್ಟಿ ಕೂರಿಸಬಾರದು ಎಂದೂ ಹೇಳುತ್ತದೆ. ಟಿವಿ ಇದೆಯೆಂದ ಮಾತ್ರಕ್ಕೆ ಕೇಂದ್ರ ಕೆಟ್ಟದ್ದಲ್ಲ. ಅದನ್ನು ಆರಿಸಿಬಿಟ್ಟರೆ ಆ ಕೋಣೆಯನ್ನು ಇರುವ ಜನ ಸಂಭಾಳಿಸಬಲ್ಲರೇ ಎಂಬುದು ಕೇಳಬೇಕಾದ ಮಾತು.

ಮೌನವನ್ನೂ ಸ್ವಲ್ಪ ಅನುಮಾನದಿಂದ ನೋಡಿ. ಎಚ್ಚರವಿರುವ ಎಂಟು ಹತ್ತು ಪುಟ್ಟ ಮಕ್ಕಳ ಕೋಣೆಯಲ್ಲಿ ಗದ್ದಲ ಇರಲೇಬೇಕು. ಅಳುವ ಮಗುವಿನ ಬಳಿಗೆ ಯಾರಾದರೂ ಹೋಗಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಗಡಿಯಾರ ನೋಡಿ ಅಳೆಯಬಹುದು. ಒಂದೆರಡು ಬಾರಿ ತಡವಾದರೆ ಅದು ಆ ಗಳಿಗೆಯ ಕಥೆ. ಪ್ರತಿ ಸಲವೂ ಮಗು ತಾನಾಗಿ ಅತ್ತು ಸುಮ್ಮನಾದರೆ ಅದು ಆ ಕೋಣೆಯ ಪದ್ಧತಿ. ದೊಡ್ಡವರು ನೆಲದ ಮೇಲೆ ಮಕ್ಕಳ ಮಟ್ಟಕ್ಕೆ ಕುಳಿತಿದ್ದಾರೆಯೇ, ಸದಾ ನಿಂತೇ ಇರುತ್ತಾರೆಯೇ ಎಂಬುದೂ ಸೂಚನೆಯೇ; ಕುಳಿತರೆ ಏಳಬೇಕಾಗುತ್ತದೆ ಎಂದು ಗೊತ್ತಿರುವವರು ಕೂರುವುದಿಲ್ಲ.

ಏಳನೆಯ ಹೆಜ್ಜೆ: ಕೆಲವು ನೇರ ಪ್ರಶ್ನೆಗಳು

ಇವನ್ನು ಜಗಳದ ದನಿಯಲ್ಲಿ ಕೇಳಬೇಕಿಲ್ಲ. ಉತ್ತರಕ್ಕಿಂತ ಉತ್ತರ ಬರುವ ವೇಗವನ್ನು ಗಮನಿಸಿ. ಮೊದಲೇ ಯೋಚಿಸಿಟ್ಟವರು ತಡವರಿಸುವುದಿಲ್ಲ.

- ಇಂದು ಬೆಳಿಗ್ಗೆ ಒಬ್ಬರು ಬರಲಾಗುವುದಿಲ್ಲ ಎಂದು ಫೋನ್ ಮಾಡಿದರೆ ಅವರ ಜಾಗಕ್ಕೆ ಯಾರು ಬರುತ್ತಾರೆ? ಅವರು ಮಕ್ಕಳಿಗೆ ಪರಿಚಿತರೇ?
- ಒಂದು ಮಗುವನ್ನು ಆಸ್ಪತ್ರೆಗೆ ಒಯ್ಯಬೇಕಾದರೆ ಜೊತೆಗೆ ಯಾರು ಹೋಗುತ್ತಾರೆ, ಉಳಿದ ಮಕ್ಕಳೊಂದಿಗೆ ಎಷ್ಟು ಜನ ಉಳಿಯುತ್ತಾರೆ?
- ಬೆಂಕಿಯೋ ಹೊಗೆಯೋ ಕಂಡರೆ ನಡೆಯಲು ಬಾರದ ಮಕ್ಕಳನ್ನು ಹೊರಗೆ ಹೇಗೆ ತರುತ್ತೀರಿ? ಕೊನೆಯ ಸಲ ಅಭ್ಯಾಸ ಮಾಡಿದ್ದು ಯಾವಾಗ?
- ಹೊರಗೆ ಸುತ್ತಾಡಿಸಲು ಒಯ್ದಾಗ ಹೆಚ್ಚುವರಿ ಜನ ಬರುತ್ತಾರೆಯೇ?
- ಕಳೆದ ವರ್ಷ ಈ ಕೋಣೆಯಲ್ಲಿದ್ದವರಲ್ಲಿ ಈಗಲೂ ಇರುವವರು ಯಾರು?

ಮೂರನೆಯ ಪ್ರಶ್ನೆಗೆ ಬಹಳ ಜನ ನಕ್ಕುಬಿಡುತ್ತಾರೆ. ನಗಲಿ. ಒಬ್ಬರು ಎರಡು ಕೈಗಳಲ್ಲಿ ಎರಡು ಮಕ್ಕಳನ್ನು ಎತ್ತಿಕೊಳ್ಳಬಹುದು, ಮೂರನೆಯದನ್ನು ಸೆರಗು ಹಿಡಿಸಿ ನಡೆಸಬಹುದು. ನಾಲ್ಕನೆಯ ಮಗುವಿಗೆ ಏನು ವ್ಯವಸ್ಥೆ? ಗಾಲಿಯುಳ್ಳ ತೊಟ್ಟಿಲು, ಹಲವು ಮಕ್ಕಳು ಕೂರುವ ತಳ್ಳುಗಾಡಿ ಇದ್ದರೆ ಅದು ಬಾಗಿಲಲ್ಲಿ ಹಿಡಿಸುತ್ತದೆಯೇ, ದಾರಿಯಲ್ಲಿ ಮೆಟ್ಟಿಲುಗಳಿವೆಯೇ? ಪುಟ್ಟ ಮಕ್ಕಳನ್ನು ಮಹಡಿಯ ಮೇಲಿಟ್ಟ ಕೇಂದ್ರಕ್ಕೆ ನೆಲಮಹಡಿಯಲ್ಲಿ ಇಟ್ಟ ಕೇಂದ್ರಕ್ಕಿಂತ ಹೆಚ್ಚು ಜನ ಬೇಕು.

ಕೊನೆಯ ಪ್ರಶ್ನೆ ಮೃದುವಾಗಿ ಕಂಡರೂ ಅದರ ಭಾರ ಹೆಚ್ಚು. ಒಂದೂವರೆ ವರ್ಷದ ಮಗುವಿಗೆ ಮುಖ ಬದಲಾಗುವುದೆಂದರೆ ಮತ್ತೆ ಮೊದಲಿನಿಂದ ಅಳು. ಯಾವ ಅಳು ಹಸಿವಿನದ್ದು, ಯಾವುದು ನಿದ್ದೆಯದ್ದು ಎಂಬುದು ತಿಂಗಳುಗಟ್ಟಲೆ ಜೊತೆಗಿದ್ದವರಿಗೆ ಗೊತ್ತಿರುತ್ತದೆ; ನಿನ್ನೆ ಸೇರಿದವರಿಗೆ ಎಲ್ಲ ಅಳುವೂ ಒಂದೇ. ಹೊಸಬರು ಇಬ್ಬರಿದ್ದರೂ ಹಳಬರೊಬ್ಬರಷ್ಟು ಕೆಲಸ ಸಾಗದ ದಿನಗಳಿರುತ್ತವೆ. ಇಂಗ್ಲೆಂಡ್‌ನಲ್ಲಿ ಪ್ರತಿ ಮಗುವಿಗೂ ಗೊತ್ತುಪಡಿಸಿದ ಒಬ್ಬ ಆರೈಕೆದಾರರು ಇರಬೇಕೆಂಬ ನಿಯಮವೇ ಇದೆ. "ನನ್ನ ಮಗುವನ್ನು ಮುಖ್ಯವಾಗಿ ಯಾರು ನೋಡಿಕೊಳ್ಳುತ್ತಾರೆ?" ಎಂದು ಕೇಳಿದಾಗ "ಎಲ್ಲರೂ" ಎಂಬ ಉತ್ತರ ಬಂದರೆ ಮತ್ತೊಮ್ಮೆ ಕೇಳಿ.

ಸಿಬ್ಬಂದಿಯೊಂದಿಗೂ ನಾಲ್ಕು ಮಾತಾಡಿ, ಮುಖ್ಯಸ್ಥರು ಪಕ್ಕದಲ್ಲಿ ಇಲ್ಲದಾಗ. ತನಿಖೆಯಂತೆ ಬೇಡ. "ನಿಮಗೆ ಊಟಕ್ಕೆ ಬಿಡುವು ಸಿಗುತ್ತದೆಯೇ?" ಎಂಬ ಸರಳ ವಿಚಾರಣೆ ಪಾಳಿ ಪಟ್ಟಿಗಿಂತ ಹೆಚ್ಚು ಹೇಳುತ್ತದೆ. ಜನ ಕಡಿಮೆಯಿರುವುದು ಅಲ್ಲಿ ದುಡಿಯುವ ಹೆಂಗಸಿನ ತಪ್ಪಲ್ಲ. ಮೂವರ ಕೆಲಸವನ್ನು ಒಬ್ಬಳೇ ಮಾಡುತ್ತಿರುವವಳ ಮೇಲೆ ನಮ್ಮ ಕೋಪ ತಿರುಗಿದರೆ ಅವಳೂ ಬಿಟ್ಟು ಹೋಗುತ್ತಾಳೆ, ಕೊರತೆ ಇನ್ನಷ್ಟಾಗುತ್ತದೆ.

ಮನೆಯಲ್ಲೇ ನಡೆಸುವ ಪುಟ್ಟ ಕೇಂದ್ರಗಳಾದರೆ

ಒಬ್ಬರೇ ತಮ್ಮ ಮನೆಯಲ್ಲಿ ನಾಲ್ಕಾರು ಮಕ್ಕಳನ್ನು ನೋಡಿಕೊಳ್ಳುವ ಕಡೆ ಮೇಲಿನ ಲೆಕ್ಕ ಹಾಗೆಯೇ ನಡೆಯುವುದಿಲ್ಲ. ಒಬ್ಬರನ್ನು ಕಳೆದರೆ ಯಾರೂ ಉಳಿಯುವುದಿಲ್ಲ. ಆದರೂ ಇಂಥ ಕಡೆ ಗುಂಪು ಚಿಕ್ಕದು, ಮುಖ ಬದಲಾಗುವುದಿಲ್ಲ, ಎಲ್ಲವೂ ಕಣ್ಣಳತೆಯಲ್ಲೇ ಇರುತ್ತದೆ. ಇಂಗ್ಲೆಂಡ್‌ನಲ್ಲಿ ಹೀಗೆ ಮನೆಯಲ್ಲಿ ಒಬ್ಬರೇ ನೋಡಿಕೊಳ್ಳುವಾಗ ಎಂಟು ವರ್ಷದೊಳಗಿನವರು ಒಟ್ಟು ಆರು, ಅವರಲ್ಲಿ ಐದರ ಒಳಗಿನ ಪುಟ್ಟ ಮಕ್ಕಳು ಸಾಮಾನ್ಯವಾಗಿ ಮೂವರು, ಒಂದು ವರ್ಷದೊಳಗಿನ ಕೂಸು ಒಂದೇ ಎಂದು ಮಿತಿ ಹಾಕಿದ್ದಾರೆ. ಅವರ ಸ್ವಂತ ಮಕ್ಕಳೂ ಈ ಲೆಕ್ಕದೊಳಗೇ. ಇಲ್ಲಿ ನೀವು ಕೇಳಬೇಕಾದದ್ದು: ಅವರಿಗೇ ಏನಾದರೂ ಆದರೆ ಐದು ನಿಮಿಷದಲ್ಲಿ ಬರಬಲ್ಲ ಇನ್ನೊಬ್ಬರು ಯಾರು, ಅವರನ್ನು ನಾನು ಒಮ್ಮೆ ಭೇಟಿಯಾಗಬಹುದೇ?

ಸೇರಿಸಿದ ಮೇಲೆ

ಸಿಬ್ಬಂದಿಯ ಸಂಖ್ಯೆ ಋತುಮಾನದಂತೆ ಏರಿಳಿಯುತ್ತದೆ. ಸೇರಿಸುವಾಗ ಇದ್ದ ಮೂವರು ಆರು ತಿಂಗಳಲ್ಲಿ ಇಬ್ಬರಾಗಿರಬಹುದು, ಯಾರೂ ನಿಮಗೆ ಹೇಳಿರುವುದಿಲ್ಲ. ಆಗಾಗ ಹೇಳದೆ ಅರ್ಧ ಗಂಟೆ ಮುಂಚೆ ಕರೆದೊಯ್ಯಲು ಹೋಗಿ, ಬಾಗಿಲಲ್ಲಿ ನಿಂತೇ ಎಣಿಸಿ.

ಮಗುವಿನ ಮೈಮೇಲೆ ಗೀರು, ಕಚ್ಚಿದ ಗುರುತು ಕಂಡರೆ ತಕ್ಷಣ ಗಾಬರಿಯಾಗಬೇಡಿ. ಈ ವಯಸ್ಸಿನಲ್ಲಿ ಕಚ್ಚುವುದು ಸಾಮಾನ್ಯ, ಎಷ್ಟು ಜನರಿದ್ದರೂ ಕ್ಷಣಾರ್ಧದಲ್ಲಿ ಆಗಿಬಿಡುತ್ತದೆ. ಹೇಗಾಯಿತು ಎಂದು ಕೇಳಿ. "ಆ ಕೆಂಪು ಕಾರಿಗಾಗಿ ಇಬ್ಬರೂ ಎಳೆದಾಡಿದರು, ನಾನು ತಲುಪುವಷ್ಟರಲ್ಲಿ ಕಚ್ಚಿಬಿಟ್ಟ" ಎಂಬುದು ನೋಡುತ್ತಿದ್ದವರ ಉತ್ತರ. "ಯಾವಾಗ ಆಯಿತೋ ಗೊತ್ತಾಗಲಿಲ್ಲ" ಎಂಬುದು ಒಮ್ಮೆ ಬಂದರೆ ಸರಿ. ಮತ್ತೆ ಮತ್ತೆ ಬಂದರೆ ಆ ಹೊತ್ತಿನಲ್ಲಿ ನೋಡುವವರು ಇರಲಿಲ್ಲ ಎಂದೇ ಅರ್ಥ. ಸಂಜೆ ದಿನವೂ ತುಂಬಿ ಭಾರವಾದ ಡೈಪರ್, ಪದೇ ಪದೇ ಕೆಂಪಾಗುವ ಚರ್ಮ, ಮನೆಗೆ ಬಂದೊಡನೆ ಗಟಗಟ ನೀರು ಕುಡಿಯುವುದು, ಬೇರೆ ಮಗುವಿನ ಬಟ್ಟೆ ನಿಮ್ಮ ಚೀಲದಲ್ಲಿ ಬರುವುದು: ಒಂದೊಂದಾಗಿ ಇವು ಏನನ್ನೂ ಸಾಬೀತು ಮಾಡುವುದಿಲ್ಲ, ಒಟ್ಟಾಗಿ ಬಂದರೆ ಕೇಳಬೇಕು.

ಕೇಳುವಾಗ ಮೊದಲು ಮುಖ್ಯಸ್ಥರ ಬಳಿ, ನೋಡಿದ್ದನ್ನು ದಿನಾಂಕ, ಹೊತ್ತು, ಸಂಖ್ಯೆ ಸಮೇತ ಹೇಳಿ: "ಮಂಗಳವಾರ ಸಂಜೆ ಐದಕ್ಕೆ ಹದಿನಾಲ್ಕು ಮಕ್ಕಳಿದ್ದರು, ಒಬ್ಬರೇ ಇದ್ದರು." ಹೀಗೆ ಹೇಳಿದ್ದನ್ನು ಅಲ್ಲಗಳೆಯುವುದು ಕಷ್ಟ. ಅದೇ ಮಾತನ್ನು ಮೇಲ್‌ನಲ್ಲಿ ಅಥವಾ ಸಂದೇಶದಲ್ಲಿ ಬರೆದೂ ಕಳಿಸಿ. ಬೇರೆ ಪೋಷಕರೂ ಗಮನಿಸಿದ್ದಾರೆಯೇ ವಿಚಾರಿಸಿ. ಐದು ಮನೆಯವರು ಒಟ್ಟಾಗಿ ಕೇಳಿದಾಗ ಸಿಗುವ ಉತ್ತರವೇ ಬೇರೆ. ಯಾವಾಗ ಇನ್ನೊಬ್ಬರನ್ನು ನೇಮಿಸುತ್ತೀರಿ, ಅಲ್ಲಿಯವರೆಗೆ ಮಕ್ಕಳ ಸಂಖ್ಯೆ ಇಳಿಸುತ್ತೀರಾ ಎಂದು ದಿನಾಂಕ ಕೇಳಿ. ದಿನಾಂಕ ಕೊಡದಿದ್ದರೆ, ಕೊಟ್ಟ ದಿನಾಂಕ ದಾಟಿದರೆ, ಪರವಾನಗಿ ಕೊಟ್ಟ ಇಲಾಖೆಗೆ ದೂರು ಕೊಡಬಹುದು.

ಮಕ್ಕಳನ್ನು ದೊಡ್ಡವರೊಬ್ಬರೂ ಇಲ್ಲದ ಕೋಣೆಯಲ್ಲಿ ಬಿಟ್ಟಿರುವುದನ್ನು ಕಂಡರೆ ಅಥವಾ ಮಗು ಯಾರ ಗಮನಕ್ಕೂ ಬಾರದೆ ಗೇಟು ದಾಟಿದ್ದು ತಿಳಿದರೆ ಈ ಮೆಟ್ಟಿಲುಗಳಾವುವೂ ಬೇಡ, ಅಂದೇ ಕರೆದುಕೊಂಡು ಬನ್ನಿ. ಅಂಥ ದಿನ ಶುಲ್ಕದ ಚಿಂತೆ ಕಾಲಿಗೆ ತೊಡರಬಾರದು ಎಂದರೆ ದಾಖಲಾತಿ ಪತ್ರಕ್ಕೆ ಸಹಿ ಹಾಕುವ ಮುನ್ನವೇ ಎರಡು ಸಾಲುಗಳನ್ನು ಹುಡುಕಿ ಓದಿ: ಬಿಡುವುದಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು, ಮುಂಗಡ ಕಟ್ಟಿದ್ದರಲ್ಲಿ ಎಷ್ಟು ಮರಳುತ್ತದೆ. ಸುರಕ್ಷತೆಯ ಕಾರಣಕ್ಕೆ ಬಿಟ್ಟರೆ ಆ ಅವಧಿ ಅನ್ವಯಿಸುವುದಿಲ್ಲ ಎಂಬ ಸಾಲು ಅದರಲ್ಲಿ ಇಲ್ಲದಿದ್ದರೆ ಸೇರಿಸಲು ಕೇಳಿ.